ಪುಸ್ತಕ ಮನೆಯಲ್ಲೇ ಇರುವಾಗ ಗಟ್ಟಿಯಾಗಿ ಓದಿಸುವುದೇಕೆ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. ಶ್ರಾವಣ ಬಂತೆಂದರೆ ಶನಿವಾರ ರಾತ್ರಿ ಯಾರಾದರೊಬ್ಬರ ಮನೆಯಲ್ಲಿ ಶನಿಮಹಾತ್ಮೆ ಓದಿಸುತ್ತಾರೆ. ಆ ಪುಸ್ತಕ ಸುಮಾರು ಮನೆಗಳಲ್ಲಿದೆ, ಓದಲು ಬರುವವರೂ ಇದ್ದಾರೆ, ಕಥೆಯಂತೂ ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಜನರನ್ನು ಕರೆಸಿ ಬೆಳಗಿನ ಜಾವದವರೆಗೆ ಗಟ್ಟಿಯಾಗಿ ಓದಿಸುವುದರ ಅರ್ಥವೇನು? ಇನ್ನೊಂದು ಮಾತು. ನನ್ನ ಮಗಳು ನಾಲ್ಕನೇ ತರಗತಿ. ಮಗ್ಗಿ ಬಾಯಿಪಾಠ ಬೇಡ, ಅರ್ಥವಾದರೆ ಸಾಕು ಎನ್ನುವವರಿದ್ದಾರೆ. ಅವಳ ಅಜ್ಜಿ ಮಾತ್ರ ದಿನಾ ಸಂಜೆ ಹೇಳಿಸಲೇಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

— ಓದುಗರೊಬ್ಬರು, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಕೇಳಿದ್ದು ಎರಡು ಪ್ರಶ್ನೆ, ಆದರೆ ಎರಡಕ್ಕೂ ಉತ್ತರ ನಿಮ್ಮೂರಿನ ಆ ಶನಿವಾರದ ಚಪ್ಪರದೊಳಗೇ ಇದೆ. ಕಥೆ ನಡೆಸಲು ಯಾರು ಯಾರು ಕೂರುತ್ತಾರೆಂದು ನೆನಪು ಮಾಡಿಕೊಳ್ಳಿ. ಒಬ್ಬರು ಪುಸ್ತಕ ಮುಂದಿಟ್ಟುಕೊಂಡು ಪದ್ಯ ಓದುತ್ತಾರೆ. ಪಕ್ಕದಲ್ಲಿ ಕೂತವರು ಅದಕ್ಕೆ ಅರ್ಥ ಹೇಳುತ್ತಾರೆ. ಹಾರ್ಮೋನಿಯಂ, ತಬಲ ಇದ್ದರೆ ಕಳೆ ಹೆಚ್ಚು, ಇಲ್ಲದಿದ್ದರೂ ಕಥೆ ನಡೆಯುತ್ತದೆ. ಆದರೆ ಓದುವವರು ಬಂದು ಅರ್ಥ ಹೇಳುವವರು ಬಾರದಿದ್ದರೆ, ಇಲ್ಲವೆ ಅರ್ಥ ಹೇಳುವವರು ಬಂದು ಓದುವವರು ಬಾರದಿದ್ದರೆ ಕೂತವರಿಗೆ ಸಮಾಧಾನವಾಗುವುದಿಲ್ಲ. ನಾನು ಹೇಳಬೇಕೆಂದಿರುವುದು ಈ ಜೋಡಿಯ ಬಗ್ಗೆಯೇ. ಗಟ್ಟಿ ಓದನ್ನು ಹೊಗಳುವವರೂ ಬಾಯಿಪಾಠವನ್ನು ಬೈಯುವವರೂ ಜೋಡಿಯನ್ನು ಮುರಿದು, ಒಬ್ಬೊಬ್ಬರನ್ನೇ ಬೇರೆ ಮಾಡಿ ಮಾತಾಡುತ್ತಾರೆ.

ಮೊದಲು ಕಥೆಯ ರಾತ್ರಿಯ ಮಾತು. ಶನಿಮಹಾತ್ಮೆಯನ್ನು ಸುಮ್ಮನೆ ಹೊತ್ತು ಕಳೆಯಲು ಯಾರೂ ಓದಿಸುವುದಿಲ್ಲ. ಮನೆಯಲ್ಲಿ ಏನೋ ಸರಿಯಿಲ್ಲ: ಬೋರು ಬತ್ತಿದೆ, ಮಗ್ಗ ನಿಂತಿದೆ, ಮಗನಿಗೆ ಹೆಣ್ಣು ಸಿಗುತ್ತಿಲ್ಲ, ಕೋರ್ಟಿನ ಖಟ್ಲೆ ಮುಗಿಯುತ್ತಿಲ್ಲ. ಏಳೂವರೆ ವರ್ಷದ ಶನಿ ನಡೆಯುತ್ತಿದೆ ಎಂದು ಯಾರೋ ಹೇಳುತ್ತಾರೆ, ಮನೆಯವರು ಹರಕೆ ಹೊರುತ್ತಾರೆ. ಆ ರಾತ್ರಿ ಕಳಶ ಇಟ್ಟು ಎಳ್ಳೆಣ್ಣೆ ದೀಪ ಹಚ್ಚಿ ಊರವರನ್ನು ಕೂರಿಸಿದಾಗ, ಆ ಮನೆ ತನ್ನ ಕಷ್ಟವನ್ನು ಊರಿನ ಮುಂದೆ ಇಟ್ಟ ಹಾಗೆ. ‘ನಮಗೆ ಹೀಗಾಗಿದೆ’ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ವಿಕ್ರಮರಾಜನ ಕಥೆ ಅವರ ಪರವಾಗಿ ಹೇಳುತ್ತದೆ. ಗ್ರಹಗಳಲ್ಲಿ ಯಾರು ದೊಡ್ಡವರೆಂಬ ಮಾತು ಸಭೆಯಲ್ಲಿ ಬಂದಾಗ ಶನಿಯನ್ನು ಹಗುರವಾಗಿ ಕಂಡ ರಾಜ, ಮುಂದೆ ಕಳ್ಳನೆನಿಸಿಕೊಂಡು, ಕೈಕಾಲು ಕಳೆದುಕೊಂಡು, ಪರದೇಶದಲ್ಲಿ ಗಾಣಿಗನ ಮನೆ ಸೇರಿ ಗಾಣದ ಮೇಲೆ ಕೂರುತ್ತಾನೆ. ಇದನ್ನು ಅರ್ಧರಾತ್ರಿಯಲ್ಲಿ ಹತ್ತಾರು ಜನರ ನಡುವೆ ಕೂತು ಕೇಳುವ ಮನೆಯ ಯಜಮಾನನಿಗೆ, ಇಷ್ಟು ದೊಡ್ಡವನಿಗೂ ಬಂತಲ್ಲ, ಅವನೂ ದಾಟಿದನಲ್ಲ ಎಂಬ ಧೈರ್ಯ ಸಿಗುತ್ತದೆ. ಅದೇ ಪುಸ್ತಕವನ್ನು ಅವನೊಬ್ಬನೇ ಮಂಚದ ಮೇಲೆ ಕೂತು ಮನಸ್ಸಿನಲ್ಲೇ ಓದಿಕೊಂಡರೆ ಕಥೆ ಸಿಗುತ್ತದೆ, ಧೈರ್ಯ ಹೇಳುವ ಊರು ಸಿಗುವುದಿಲ್ಲ.

ಆ ಕಥೆಯ ಒಳಗೇ ಇರುವ ಒಂದು ಸಂಗತಿಯನ್ನೂ ಗಮನಿಸಿ. ಎಲ್ಲ ಕಳೆದುಕೊಂಡ ವಿಕ್ರಮನ ಬಳಿ ಉಳಿದದ್ದು ದನಿ ಒಂದೇ. ಗಾಣದ ಮೇಲೆ ಕೂತು ದೀಪಕ ರಾಗ ಹಾಡುತ್ತಾನೆ, ಊರಿನ ದೀಪಗಳು ತಾವಾಗಿ ಹೊತ್ತಿಕೊಳ್ಳುತ್ತವೆ, ಆ ದನಿಯನ್ನು ಹುಡುಕಿಕೊಂಡು ಅರಮನೆಯವರು ಬರುತ್ತಾರೆ. ಅಲ್ಲಿಂದ ಅವನ ದೆಸೆ ತಿರುಗುತ್ತದೆ. ಓದುವವರು ಈ ಜಾಗಕ್ಕೆ ಬಂದಾಗ ರಾಗ ಎಳೆದು, ನಿಧಾನ ಮಾಡಿ ಹಾಡುವುದನ್ನು ನೀವೂ ಕೇಳಿರಬಹುದು. ನಿಮ್ಮ ತಾಲ್ಲೂಕಿನ ಚಿಕ್ಕಮಧುರೆಯ ಶನಿಮಹಾತ್ಮ ದೇವಸ್ಥಾನಕ್ಕೆ ಶ್ರಾವಣದ ಶನಿವಾರಗಳಲ್ಲಿ ಜನ ಕಿಕ್ಕಿರಿದು ಸೇರುತ್ತಾರಲ್ಲ, ಅವರಲ್ಲಿ ಎಷ್ಟೋ ಜನರಿಗೆ ಈ ಕಥೆ ಕಣ್ಣಿನಿಂದ ಬಂದದ್ದಲ್ಲ. ಮೈಕಿನಲ್ಲಿ, ಚಪ್ಪರದಲ್ಲಿ, ಅಜ್ಜಿಯ ಬಾಯಲ್ಲಿ ಕೇಳಿ ಬಂದದ್ದು.

ಓದುವವರು ಒಬ್ಬರು, ಅರ್ಥ ಹೇಳುವವರು ಒಬ್ಬರು ಎಂಬ ಈ ಏರ್ಪಾಡು ಶನಿಯ ಕಥೆಗೆ ಮಾತ್ರ ಸೇರಿದ್ದಲ್ಲ. ಕನ್ನಡದ ಗಮಕ ಕಲೆ ನಿಂತಿರುವುದೇ ಅದರ ಮೇಲೆ. ಗಮಕಿ ಕಾವ್ಯವನ್ನು ರಾಗದಲ್ಲಿ ವಾಚನ ಮಾಡುತ್ತಾರೆ, ವ್ಯಾಖ್ಯಾನಕಾರರು ಬಿಡಿಸಿ ಹೇಳುತ್ತಾರೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತ ತಲೆಮಾರುಗಳ ಕಾಲ ಉಳಿದದ್ದು ಹೀಗೆ. ಶಿವಮೊಗ್ಗದ ಹತ್ತಿರದ ಹೊಸಹಳ್ಳಿ ಇವತ್ತಿಗೂ ಗಮಕಕ್ಕೆ ಹೆಸರಾದ ಊರು. ಆ ಊರಿನ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹಾಡುಗಾರಿಕೆಗೂ ಗಮಕಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಾಡುಗಾರಿಕೆಯಲ್ಲಿ ಸಾಹಿತ್ಯ ರಾಗತಾಳಗಳಿಗೆ ಒಗ್ಗಿಕೊಳ್ಳುತ್ತದೆ. ಗಮಕದಲ್ಲಿ ತಾಳದ ಕಟ್ಟು ಇಲ್ಲ, ರಾಗ ಮಾತಿನ ಹಿಂದೆ ನಡೆಯಬೇಕು. ಯುದ್ಧದ ಪದ್ಯಕ್ಕೆ ಒಂದು ರಾಗ, ಶೋಕಕ್ಕೆ ಇನ್ನೊಂದು. ಆದರೆ ಯಾವ ರಾಗವಾದರೂ ಪದವನ್ನು ಮುಚ್ಚಿಹಾಕಬಾರದು.

ಗಟ್ಟಿಯಾಗಿ ಓದಿದಾಗ ಅರ್ಥ ಹೇಗೆ ತೆರೆದುಕೊಳ್ಳುತ್ತದೆ ಎಂಬುದು ಇಲ್ಲಿ ಚೆನ್ನಾಗಿ ಕಾಣುತ್ತದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಉದ್ದ: ಅದೇ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು, ಒಟ್ಟು 23. ಪೂರಾ ಪದ್ಯಕ್ಕೆ 102 ಮಾತ್ರೆ. ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸ. ಈಗ ಅಚ್ಚಾದ ಪುಸ್ತಕ ತೆಗೆದು ನೋಡಿ. ಎಷ್ಟೋ ಕಡೆ ಸಾಲು ಮುಗಿಯುವ ಜಾಗದಲ್ಲಿ ಪದ ಮುಗಿದಿರುವುದಿಲ್ಲ. ಅರ್ಧ ಪದ ಮೇಲಿನ ಸಾಲಿನಲ್ಲಿ, ಉಳಿದರ್ಧ ಕೆಳಗಿನ ಸಾಲಿನಲ್ಲಿ. ಸಂಧಿಯಾಗಿ ಎರಡು ಮೂರು ಪದ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಕಣ್ಣು ಅಲ್ಲಿ ಎಡವುತ್ತದೆ, ಓದುವವನು ಇದು ಹಳೆಗನ್ನಡ, ನಮಗೆ ತಿಳಿಯದು ಎಂದು ಪುಸ್ತಕ ಮುಚ್ಚಿಡುತ್ತಾನೆ. ನಿಜವಾಗಿ ಅಲ್ಲಿನ ಮಾತುಗಳಲ್ಲಿ ಬಹುಪಾಲು ಅವನ ಮನೆಯವೇ. ಬಲ್ಲ ಗಮಕಿ ಆ ಸಾಲುಗಳನ್ನು ಮೊದಲ ಸಲ ಛಂದಸ್ಸಿನ ನಡಿಗೆಯಲ್ಲಿ ಓದಿ, ಎರಡನೇ ಸಲ ಪದವನ್ನು ಬಿಡಿಸಿ, ಪ್ರಶ್ನೆ ಇರುವಲ್ಲಿ ಪ್ರಶ್ನೆಯ ಹಾಗೆ, ಬೈಗುಳ ಇರುವಲ್ಲಿ ಬೈಗುಳದ ಹಾಗೆ ದನಿ ತಿರುಗಿಸಿದರೆ, ಕಾವ್ಯ ಮಾತಾಗುತ್ತದೆ. ಅರ್ಥ ಹೇಳುವವರಿಗೆ ಆಮೇಲೆ ಉಳಿಯುವ ಕೆಲಸ ಅರ್ಧ. ದ್ರೌಪದಿ ಸಭೆಯಲ್ಲಿ ಕೇಳುವ ಪ್ರಶ್ನೆಯನ್ನು ಒಳ್ಳೆಯ ವಾಚನದಲ್ಲಿ ಕೇಳಿದವರು, ಅದನ್ನು ಮತ್ತೆಂದೂ ಬರೀ ಪಠ್ಯವಾಗಿ ಓದಲಾರರು ಎಂಬುದು ನನ್ನ ಗಟ್ಟಿ ನಂಬಿಕೆ.

ಇದು ಬಲ್ಲವರಿಗೆ ಗೊತ್ತಿತ್ತು. 1930ರ ದಶಕದಲ್ಲಿ ಡಿ.ವಿ.ಜಿ. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿದ್ದ ಕಾಲದಲ್ಲಿ ಪರಿಷತ್ತು ಗಮಕ ಕಲಿಸಲು ಕೈಹಾಕಿತು. ಪುಸ್ತಕ ಅಚ್ಚು ಮಾಡಿದರೆ ಮಾತ್ರ ಕಾವ್ಯ ಜನರಿಗೆ ತಲುಪದು, ಓದಿ ಹೇಳುವವರನ್ನೂ ತಯಾರು ಮಾಡಬೇಕು ಎಂಬ ತಿಳಿವಳಿಕೆ ಅದರ ಹಿಂದಿತ್ತು. 1958ರಲ್ಲಿ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರ ಕುಮಾರವ್ಯಾಸ ಭಾರತವನ್ನು ಜನಸಾಮಾನ್ಯರ ಕೈಗೆಟುಕುವ ಬೆಲೆಗೆ ತಂದಿತು. ಆ ದಪ್ಪ ಪುಸ್ತಕ ಎಷ್ಟೋ ಮನೆಗಳ ಗೂಡಿನಲ್ಲಿ ದೇವರ ಪಟದ ಪಕ್ಕ ಕೂತಿತು. ಪೂಜೆಗೆ ಸಿಕ್ಕಷ್ಟು ಅದು ಬಾಯಿಗೆ ಸಿಗಲಿಲ್ಲವಲ್ಲ ಎಂಬ ಸಂಕಟ ನನಗಿದೆ.

ನಿಮ್ಮ ಜಿಲ್ಲೆಯಲ್ಲಿ ಇನ್ನೂ ಜೀವಂತವಾಗಿರುವ ಇನ್ನೊಂದು ರೂಪ ಪೌರಾಣಿಕ ನಾಟಕ. ನೆಲಮಂಗಲ, ದೊಡ್ಡಬಳ್ಳಾಪುರ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಟ್ಟುವುದೆಂದರೆ ತಿಂಗಳುಗಟ್ಟಲೆ ತಾಲೀಮು. ಹಗಲು ಹೊಲದಲ್ಲೋ, ದಾಬಸ್‌ಪೇಟೆಯ ಕಾರ್ಖಾನೆಯಲ್ಲೋ ದುಡಿದು ಬಂದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರುತ್ತಾರೆ. ಮೇಷ್ಟ್ರು ಕಂದಪದ್ಯದ ಒಂದು ಪಾದ ಹೇಳಿಕೊಡುತ್ತಾರೆ, ಪಾತ್ರಧಾರಿ ಹಾಗೇ ಹೇಳುತ್ತಾನೆ, ತಪ್ಪಿದರೆ ಮತ್ತೆ. ಓದು ಬಾರದವರೂ ಕರ್ಣ, ಭೀಮನ ಪಾತ್ರಗಳನ್ನು ಪೂರಾ ಬಾಯಲ್ಲಿಟ್ಟುಕೊಂಡು ಮಾಡಿದ್ದಾರೆ. ಹೊಸಕೋಟೆ, ದೇವನಹಳ್ಳಿ ಕಡೆ ಬಂದರೆ ಕೈವಾರ ತಾತಯ್ಯನವರ ತತ್ವಪದಗಳು ಭಜನೆ ಮಂದಿರಗಳಲ್ಲಿ ಕೇಳುತ್ತವೆ, ಕೆಲವು ತೆಲುಗಿನಲ್ಲಿ, ಕೆಲವು ಕನ್ನಡದಲ್ಲಿ. ತೆಲುಗು ಲಿಪಿ ಓದಲು ಬಾರದ ಎಷ್ಟೋ ಬಾಯಿಗಳಲ್ಲಿ ಆ ತೆಲುಗು ಪದಗಳು ಅಕ್ಷರ ತಪ್ಪದೆ ಬರುತ್ತವೆ. ಮದರಸಾಗಳಲ್ಲಿ ಕುರ್‌ಆನನ್ನು ಪೂರ್ತಿ ಕಂಠಪಾಠ ಮಾಡಿ ಹಾಫಿಜ್ ಆಗುವ ಮಕ್ಕಳೂ ನಿಮ್ಮ ಸುತ್ತಲಿನ ಪೇಟೆಗಳಲ್ಲಿ ಸಿಗುತ್ತಾರೆ. ಅಲ್ಲಿ ಪ್ರತಿ ಅಕ್ಷರ ಬಾಯಿ, ಗಂಟಲಿನ ಯಾವ ಜಾಗದಿಂದ ಹೊರಡಬೇಕು ಎನ್ನುವುದಕ್ಕೂ ನಿಯಮವಿದೆ. ವೇದಪಾಠದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು ಎಂದು ಹಿಂದುಮುಂದಾಗಿ ಹೇಳುವ ಘನಪಾಠ ಇರುವುದೂ ಒಂದಕ್ಷರ ಜಾರಬಾರದೆಂಬ ಎಚ್ಚರಿಕೆಗೇ. ಕಾಗದವಿಲ್ಲದ ಕಾಲದಲ್ಲಿ ಬಾಯೇ ಬರಹ ಕಾಯುವ ಪೆಟ್ಟಿಗೆಯಾಗಿತ್ತು.

ಪಶ್ಚಿಮದಲ್ಲೂ ಮೌನವಾಗಿ ಓದುವುದು ಎಲ್ಲ ಕಾಲಕ್ಕೂ ಸಹಜವಾಗಿರಲಿಲ್ಲ. ಮಿಲಾನಿನ ಬಿಷಪ್ ಆಂಬ್ರೋಸ್ ತುಟಿ ಅಲುಗಿಸದೆ ಓದುತ್ತಿದ್ದುದನ್ನು ಸಂತ ಅಗಸ್ಟೀನ್ ಗಮನಿಸಿ ಬರೆದಿಟ್ಟಿದ್ದಾನೆ. ಅದು ನಾಲ್ಕನೇ ಶತಮಾನದ ಮಾತು.

ಈಗ ನಿಮ್ಮ ಮಗಳ ಮಗ್ಗಿಗೆ ಬರೋಣ. ಅವಳ ಅಜ್ಜಿಯ ಪರ ನಾನಿದ್ದೇನೆ, ಆದರೆ ಪೂರ್ತಿಯಲ್ಲ.

ಅಜ್ಜಿಯ ಕಾಲದ ಮಕ್ಕಳು ಎರಡೊಂದ್ಲ ಎರಡರಿಂದ ಹಿಡಿದು ಇಪ್ಪತ್ತರ ಮಗ್ಗಿಯವರೆಗೆ ಸಂಜೆ ಸಾಲಾಗಿ ಕೂತು ಹೇಳುತ್ತಿದ್ದರು. ಅದರ ಮೇಲೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಅವು ಅಲಂಕಾರಕ್ಕೆ ಕಲಿತದ್ದಲ್ಲ. ಪಾವು, ಅಚ್ಚೇರು, ಸೇರಿನಲ್ಲಿ ರಾಗಿ ಅಳೆಯುತ್ತಿದ್ದ, ರೂಪಾಯಿಗೆ ಹದಿನಾರಾಣೆ ಇದ್ದ ಲೋಕದಲ್ಲಿ ಸಂತೆಯಲ್ಲಿ ನಿಂತು ಲೆಕ್ಕ ಹಾಕಬೇಕಾದರೆ ಮುಕ್ಕಾಲರ ಮಗ್ಗಿ ಬಾಯಲ್ಲಿರಲೇಬೇಕಿತ್ತು. 1957ರಲ್ಲಿ ನಯಾಪೈಸೆ ಬಂದು, ಬೆನ್ನಿಗೆ ಕಿಲೋ ಲೀಟರು ಬಂದ ಮೇಲೆ ಭಿನ್ನರಾಶಿಯ ಮಗ್ಗಿಗಳ ಕೆಲಸ ಕಡಿಮೆಯಾಯಿತು, ಬಾಯಿಂದಲೂ ಹೋದವು. ಅದರಲ್ಲಿ ನಷ್ಟವೇನೂ ಇಲ್ಲ. ಉಪಯೋಗವಿರುವುದನ್ನು ಬಾಯಲ್ಲಿಟ್ಟುಕೊಳ್ಳಬೇಕು, ಅಷ್ಟೇ. ಹತ್ತರವರೆಗಿನ ಮಗ್ಗಿಗೆ ಇವತ್ತಿಗೂ ಉಪಯೋಗವಿದೆ. ಭಾಗಾಕಾರ ಮಾಡುತ್ತಿರುವ ಮಗು ನಡುವೆ ನಿಂತು ಏಳೆಂಟು ಎಷ್ಟು ಎಂದು ಬೆರಳೆಣಿಸತೊಡಗಿದರೆ, ಮಾಡುತ್ತಿದ್ದ ಲೆಕ್ಕವೇ ತಪ್ಪಿಹೋಗುತ್ತದೆ. ‘ಏಳೆಂಟ್ಲ ಐವತ್ತಾರು’ ಎಂಬುದು ಕಿವಿಗೆ ಅಭ್ಯಾಸವಾದ ಮಗುವಿಗೆ ಐವತ್ತನಾಲ್ಕು ಎಂದರೆ ಲೆಕ್ಕಕ್ಕೆ ಮುಂಚೆ ಕಿವಿಯೇ ತಪ್ಪೆನ್ನುತ್ತದೆ.

ಬಾಯಿಬಿಟ್ಟು ಹೇಳಿದ್ದು ಹೆಚ್ಚು ನೆನಪಿರುತ್ತದೆ ಎಂಬುದನ್ನು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಕಾಲಿನ್ ಮೆಕ್ಲಿಯೋಡ್ ಮತ್ತು ಅವರ ಸಂಗಡಿಗರು ಹಲವು ಪ್ರಯೋಗಗಳಲ್ಲಿ ಪರೀಕ್ಷಿಸಿದ್ದಾರೆ. 2018ರಲ್ಲಿ ಅಚ್ಚಾದ ಒಂದು ಅಧ್ಯಯನದಲ್ಲಿ 95 ಜನರಿಗೆ ಪದಗಳನ್ನು ನಾಲ್ಕು ಬಗೆಯಲ್ಲಿ ಕೊಟ್ಟರು: ತಾವೇ ಗಟ್ಟಿಯಾಗಿ ಓದುವುದು, ಮುಂಚೆ ಧ್ವನಿಮುದ್ರಿಸಿದ ತಮ್ಮದೇ ದನಿ ಕೇಳುವುದು, ಬೇರೆಯವರ ದನಿ ಕೇಳುವುದು, ಮೌನವಾಗಿ ಓದುವುದು. ನೆನಪು ನಿಂತ ಕ್ರಮವೂ ಅದೇ. ತಾನೇ ಗಟ್ಟಿಯಾಗಿ ಓದಿದ್ದು ಎಲ್ಲಕ್ಕಿಂತ ಮೇಲೆ, ಮೌನ ಓದು ಎಲ್ಲಕ್ಕಿಂತ ಕೆಳಗೆ. ಬಾಯಿ ಅಲುಗುತ್ತದೆ, ಕಿವಿ ಕೇಳುತ್ತದೆ, ಅದು ನನ್ನದೇ ದನಿ ಎಂಬ ಗುರುತೂ ಸೇರುತ್ತದೆ. ಆದರೆ ಇಂಥ ಪ್ರಯೋಗಗಳಲ್ಲಿ ಇನ್ನೊಂದು ಸಂಗತಿಯೂ ಕಂಡಿದೆ. ಕೆಲವು ಪದಗಳನ್ನು ಮಾತ್ರ ಗಟ್ಟಿಯಾಗಿ ಓದಿ ಉಳಿದವನ್ನು ಸುಮ್ಮನೆ ಓದಿದಾಗ ಲಾಭ ಹೆಚ್ಚು, ಎಲ್ಲವನ್ನೂ ಗಟ್ಟಿಯಾಗಿ ಓದಿದರೆ ಆ ವಿಶೇಷ ತೆಳುವಾಗುತ್ತದೆ. ಆದ್ದರಿಂದ ಮಗುವಿನ ಸಮಾಜ ವಿಜ್ಞಾನದ ಪಾಠವನ್ನೆಲ್ಲ ಮೊದಲಿಂದ ಕೊನೆಯವರೆಗೆ ಕೂಗಿ ಓದಿಸುವ ಮನೆಗಳ ಬಗ್ಗೆ ನನಗೆ ಒಪ್ಪಿಗೆಯಿಲ್ಲ. ಮುಖ್ಯವಾದ ನಾಲ್ಕು ಸಾಲು ಆರಿಸಿ ಗಟ್ಟಿಯಾಗಿ ಹೇಳಲಿ, ಮಿಕ್ಕದ್ದನ್ನು ಕಣ್ಣು ಓದಲಿ.

ಇನ್ನು ಅಜ್ಜಿಯ ಜೊತೆ ನನಗಿರುವ ಒಂದು ತಕರಾರು. ಮಗ್ಗಿಯನ್ನು ಒಂದೇ ಓಟದಲ್ಲಿ ಹೇಳುವ ಮಗುವನ್ನು ನಡುವೆ ನಿಲ್ಲಿಸಿ ಏಳೆಂಟು ಎಷ್ಟು ಎಂದು ಕೇಳಿ ನೋಡಿ. ಕೆಲವು ಮಕ್ಕಳು ಏಳೊಂದ್ಲ ಏಳರಿಂದ ಮತ್ತೆ ಶುರುಮಾಡುತ್ತಾರೆ. ಅಲ್ಲಿ ದನಿ ಇದೆ, ಅರ್ಥ ಹೇಳುವವರು ಬಂದಿಲ್ಲ. ಹಾಗಾಗಿ ಸಂಜೆ ಮಗ್ಗಿ ಹೇಳಿಸಿದ ಮೇಲೆ ಎರಡು ನಿಮಿಷ ಅಡ್ಡಾದಿಡ್ಡಿ ಕೇಳಿ. ಐವತ್ತಾರು ಯಾವ ಯಾವ ಮಗ್ಗಿಯಲ್ಲಿ ಬರುತ್ತದೆ? ಎಂಟೇಳಕ್ಕೂ ಏಳೆಂಟಕ್ಕೂ ಒಂದೇ ಉತ್ತರ ಯಾಕೆ? ಹುಣಸೆಬೀಜವನ್ನು ಏಳು ಸಾಲು, ಸಾಲಿಗೆ ಎಂಟರಂತೆ ಜೋಡಿಸಿ, ಪಕ್ಕದಿಂದ ನೋಡು ಎನ್ನಿ. ಅರ್ಥವಾದರೆ ಸಾಕು ಎನ್ನುವವರು ಹೇಳುವುದು ಸುಳ್ಳಲ್ಲ, ಆದರೆ ಅರ್ಥವಾದದ್ದು ಬೇಕಾದಾಗ ಬಾಯಿಗೆ ಬರಬೇಕಾದರೆ ಹೇಳಿ ಹೇಳಿಯೇ ಬರಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ ನಲಿಕಲಿ ಚಟುವಟಿಕೆಯ ಕಲಿಕೆ ತಂದಿತು, ಆದರೆ ಹಾಡು, ಶಿಶುಗೀತೆಗಳನ್ನು ಬಿಡಲಿಲ್ಲ. ಅದು ಸರಿಯಾದ ತೀರ್ಮಾನ.

ಗಟ್ಟಿಯಾಗಿ ಹೇಳುವುದರಿಂದ ಮೈಗೆ ಆಗುವ ಉಪಕಾರವೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಇಟಲಿಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು 23 ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಿ ಅಳೆದರು. 2001ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಬಂತು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಹೃದಯದ ಲಯವೂ ಅದಕ್ಕೆ ಹೊಂದಿಕೊಂಡಿತು. ಪುರಾಣ ಓದಿ ಎದ್ದವರು ‘ಮನಸ್ಸು ಹಗುರವಾಯಿತು’ ಎನ್ನುವಾಗ, ದೀರ್ಘವಾಗಿ ಎಳೆದು ಬಿಟ್ಟ ಉಸಿರಿಗೂ ಅದರಲ್ಲಿ ಪಾಲಿದೆ ಎಂದು ನಾನು ತಿಳಿದಿದ್ದೇನೆ. ಇದನ್ನು ಔಷಧಿಗೆ ಬದಲು ಎಂದು ಮಾತ್ರ ಯಾರೂ ತಿಳಿಯಬಾರದು.

ಗಟ್ಟಿಯಾಗಿ ಹೇಳಿದಾಗ ಮಾತಿಗೆ ಹೊಣೆಯೂ ಬರುತ್ತದೆ. ಮಂತ್ರಿಯಾಗುವವರು ಪ್ರಮಾಣವಚನಕ್ಕೆ ಸಹಿ ಹಾಕಿದರೆ ಸಾಲದು, ಎಲ್ಲರೆದುರು ಓದಬೇಕು. 2023ರ ಸೆಪ್ಟೆಂಬರ್ 15ರಂದು ನಮ್ಮ ರಾಜ್ಯದಲ್ಲಿ ಶಾಲೆ, ಕಚೇರಿಗಳಲ್ಲೆಲ್ಲ ಸಂವಿಧಾನದ ಪೀಠಿಕೆಯನ್ನು ಒಟ್ಟಾಗಿ ಓದಿಸಿದರು, ಶಾಲೆಗಳಲ್ಲಿ ಅದು ದಿನದ ರೂಢಿಯಾಗಬೇಕೆಂದೂ ಸರ್ಕಾರ ಹೇಳಿದೆ. ನಿಮ್ಮ ಮಗಳು ಬೆಳಗಿನ ಪ್ರಾರ್ಥನೆಯಲ್ಲಿ ಹೇಳುತ್ತಿರಬಹುದು. ಅದರಲ್ಲಿ ಬರುವ ಭ್ರಾತೃತ್ವ, ಸಾರ್ವಭೌಮ ಎಂಬ ಪದಗಳ ಅರ್ಥ ಅವಳಿಗೆ ಯಾರಾದರೂ ಹೇಳಿದ್ದಾರೆಯೇ ಎಂದು ಕೇಳಿ. ಹೇಳಿರದಿದ್ದರೆ ನೀವೇ ಹೇಳಿ, ನಿಮ್ಮೂರಿನ ಉದಾಹರಣೆ ಕೊಟ್ಟು.

ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯ ಕಂಠಪಾಠ ಸ್ಪರ್ಧೆಗೆ ಅವಳನ್ನು ಸೇರಿಸುವ ಮನಸ್ಸಿದ್ದರೆ ಒಂದು ಕ್ರಮ ಹೇಳುತ್ತೇನೆ. ಒಂದೇ ಒಂದು ಷಟ್ಪದಿ ಆರಿಸಿ. ಮೊದಲ ದಿನ ಪೆನ್ಸಿಲ್ಲಿನಲ್ಲಿ ಪದ ಬಿಡಿಸಿ ಗೆರೆ ಎಳೆಯಿರಿ, ಸಾಲಿನ ಕೊನೆಯಲ್ಲಿ ಮುರಿದ ಪದಗಳನ್ನು ಕೂಡಿಸಿ. ಆಮೇಲೆ ಅವಳು ಅದನ್ನು ಮಾತಿನ ಹಾಗೆ, ರಾಗವಿಲ್ಲದೆ, ಅಜ್ಜಿಗೆ ಓದಲಿ. ಅಜ್ಜಿ ‘ಯಾಕೆ ಹಾಗಂದ?’ ಎಂದು ಕೇಳಲಿ, ಅವಳು ಮನೆಮಾತಿನಲ್ಲಿ ಉತ್ತರ ಹೇಳಲಿ. ಅದು ಸಲೀಸಾದ ಮೇಲೆ ಮೂರು-ನಾಲ್ಕರ ನಡೆಗೆ ಕೈತಟ್ಟಿ ಓದಲಿ. ಮೂರನೇ ಸಾಲಿನ ಕೊನೆಯಲ್ಲಿ ಮತ್ತು ಆರನೆಯದರ ಕೊನೆಯಲ್ಲಿ ಉಸಿರು ತೆಗೆದುಕೊಳ್ಳಲಿ, ನಡುವೆ ಪದ ತುಂಡಾಗುವಂತೆ ಎಲ್ಲೂ ನಿಲ್ಲದಿರಲಿ. ರಾಗ ಕೊನೆಗೆ. ಅದಕ್ಕೆ ಕಿವಿ ತಯಾರಾಗಬೇಕು: ಆಕಾಶವಾಣಿಯ ಗಮಕ ಕಾರ್ಯಕ್ರಮ ಕೇಳಿಸಿ, ಬೆಂಗಳೂರಿಗೆ ಹೋದಾಗ ಕರ್ನಾಟಕ ಗಮಕ ಕಲಾ ಪರಿಷತ್ತಿನವರ ವಾಚನವೊಂದಕ್ಕೆ ಕರೆದೊಯ್ಯಿರಿ. ವಾಚನ ಮುಗಿದು ವ್ಯಾಖ್ಯಾನ ಶುರುವಾದಾಗ ಎದ್ದು ಬರಬೇಡಿ.